ಕೋಲ್ಕತ್ತದ ನೆಲದಡಿಯ ರೈಲು: ದಿನಾಂಕಗಳ ನಡುವಿನ ಚರಿತ್ರೆ

ನಗರವೊಂದರ ಮೆಟ್ರೊ ರೈಲಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಉದ್ಘಾಟನೆಗಳ ದಿನಾಂಕಗಳನ್ನು ಒಂದರ ಕೆಳಗೊಂದು ಜೋಡಿಸಿ, ಯಾವ ಮಾರ್ಗ ಎಂದು ತೆರೆಯಿತು, ಎಷ್ಟು ಕಿಲೋಮೀಟರು ಸೇರಿತು ಎಂದು ಹೇಳಿ ಮುಗಿಸುವುದು ವಾಡಿಕೆ. ಕೋಲ್ಕತ್ತದ ವಿಷಯದಲ್ಲಿ ಈ ಕ್ರಮ ಸಾಲದು, ಏಕೆಂದರೆ ಭಾರತದ ಈ ಮೊದಲ ಮೆಟ್ರೊದ ಕಥೆಯ ಬಹುಭಾಗ ಅಡಗಿರುವುದು ಒಂದು ದಿನಾಂಕಕ್ಕೂ ಅದರ ಮುಂದಿನದಕ್ಕೂ ನಡುವೆ ಬಿದ್ದ ದೀರ್ಘ ಅಂತರಗಳಲ್ಲಿ. 1972ರಲ್ಲಿ ಅಡಿಗಲ್ಲು ಬಿದ್ದ ಮಾರ್ಗದಲ್ಲಿ ಮೊದಲ ರೈಲು ಓಡಿದ್ದು 1984ರಲ್ಲಿ. ಆ ಮಾರ್ಗ ಪೂರ್ತಿಯಾದದ್ದು 1995ರಲ್ಲಿ. ಹೂಗ್ಲಿ ನದಿಯ ಅಡಿಯಲ್ಲಿ ರೈಲು ಓಡಿಸುವ ಯೋಜನೆ ಕಾಗದದ ಮೇಲೆ ಮೂಡಿದ್ದು 1921ರಲ್ಲಾದರೆ ಪ್ರಯಾಣಿಕರು ಆ ಸುರಂಗವನ್ನು ದಾಟಿದ್ದು 2024ರಲ್ಲಿ.

ಕಥೆಯನ್ನು 1921ರಿಂದಲೇ ಆರಂಭಿಸುವುದು ಸೂಕ್ತ. ಆಗಿನ ಕಲ್ಕತ್ತ ಹೂಗ್ಲಿಯ ಪೂರ್ವ ದಂಡೆಯಲ್ಲಿತ್ತು, ದೇಶದ ಬಹುಭಾಗದಿಂದ ಬರುವ ರೈಲುಗಳು ನಿಲ್ಲುತ್ತಿದ್ದ ಹೌರಾ ಪಶ್ಚಿಮ ದಂಡೆಯಲ್ಲಿತ್ತು, ಮತ್ತು ಇವೆರಡನ್ನೂ ಜೋಡಿಸುತ್ತಿದ್ದುದು 1874ರಲ್ಲಿ ಕಟ್ಟಿದ, ದೋಣಿಗಳಂತೆ ತೇಲುವ ಆಧಾರಗಳ ಮೇಲೆ ನಿಂತ, ಹಡಗುಗಳು ಬಂದಾಗ ನಡುವೆ ತೆರೆದುಕೊಡಬೇಕಾಗಿದ್ದ ಸೇತುವೆ. ಇಂದು ನಗರದ ಗುರುತೇ ಆಗಿರುವ ಉಕ್ಕಿನ ಹೌರಾ ಸೇತುವೆ ಸಂಚಾರಕ್ಕೆ ತೆರೆದದ್ದು 1943ರಲ್ಲಿ. ಹೀಗಿರುವಾಗ, ಲಂಡನ್ನಿನ ಭೂಗತ ರೈಲುಗಳ ನಿರ್ಮಾಣದಲ್ಲಿ ಕೈಪಳಗಿದ್ದ ಎಂಜಿನಿಯರ್ ಹಾರ್ಲಿ ಡಾಲ್‌ರಿಂಪಲ್ ಹೇ ಅವರು ಪೂರ್ವದ ಬಾಗ್‌ಮಾರಿಯಿಂದ ನದಿಯ ಅಡಿಗೆ ಇಳಿದು ಹೌರಾ ಕಡೆಯ ಸಾಲ್ಕಿಯಾದವರೆಗೆ ಸಾಗುವ, ಸುಮಾರು 10 ಕಿಲೋಮೀಟರ್ ಉದ್ದದ ಕೊಳವೆ ರೈಲುಮಾರ್ಗವನ್ನು ಸೂಚಿಸಿ ವರದಿ ಸಲ್ಲಿಸಿದರು. ಸುಮಾರು 35 ಲಕ್ಷ ಪೌಂಡ್ ವೆಚ್ಚದ ಆ ಯೋಜನೆಗೆ ಹಣ ಒದಗಲಿಲ್ಲ. ಆದರೂ ಅದು ಬರಿಯ ಕನಸಾಗಿರಲಿಲ್ಲ ಎನ್ನುವುದಕ್ಕೆ ಸಾಕ್ಷಿಯಿದೆ: ಅದೇ ಎಂಜಿನಿಯರ್ ಹೂಗ್ಲಿಯ ಅಡಿಯಲ್ಲಿ ವಿದ್ಯುತ್ ಕೇಬಲ್‌ಗಳನ್ನು ಸಾಗಿಸಲು ರೂಪಿಸಿದ ಚಿಕ್ಕ ಸುರಂಗ 1931ರಲ್ಲಿ ಸಿದ್ಧವಾಯಿತು. ನದಿಯಡಿಯ ಮಣ್ಣನ್ನು ಕೊರೆಯಬಹುದೆಂದು ಅಂದೇ ತಿಳಿದಿತ್ತು. ಕೊರೆಯುವ ವೆಚ್ಚವನ್ನು ಯಾರು ಭರಿಸಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಸ್ವಾತಂತ್ರ್ಯಾನಂತರ, 1949ರಲ್ಲಿ, ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಡಾ. ಬಿಧಾನ್ ಚಂದ್ರ ರಾಯ್ ಅವರು ಈ ವಿಚಾರಕ್ಕೆ ಮತ್ತೆ ಜೀವ ಕೊಟ್ಟರು. ಫ್ರೆಂಚ್ ತಜ್ಞರ ತಂಡವೊಂದು ಬಂದು ಸಮೀಕ್ಷೆ ನಡೆಸಿತು, ಅದರಿಂದ ಹೇಳಿಕೊಳ್ಳುವಂಥದ್ದೇನೂ ಫಲಿಸಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ದೇಶವಿಭಜನೆಯ ನಿರಾಶ್ರಿತರಿಂದ ನಗರ ಉಬ್ಬುತ್ತಲೇ ಹೋಯಿತು, ರಸ್ತೆಗಳು ಮಾತ್ರ ಇದ್ದಷ್ಟೇ ಉಳಿದವು. ಮೆಟ್ರೊ ಯೋಜನೆಯ ಸಮರ್ಥಕರು ಮುಂದಿಟ್ಟ ಲೆಕ್ಕದಂತೆ ಕೋಲ್ಕತ್ತದಲ್ಲಿ ರಸ್ತೆಗೆಂದು ದೊರೆತಿದ್ದ ಜಾಗ ನಗರದ ನೆಲದಲ್ಲಿ ಶೇಕಡ 4.2ರಷ್ಟು ಮಾತ್ರ, ದೆಹಲಿಯಲ್ಲಿ ಇದೇ ಪ್ರಮಾಣ ಶೇಕಡ 25. ರಸ್ತೆ ಅಗಲಿಸುವುದು ಸಾಧ್ಯವಿಲ್ಲದ ಊರಿನಲ್ಲಿ ನೆಲದ ಕೆಳಗೆ ಇಳಿಯದೆ ಬೇರೆ ದಾರಿ ಇರಲಿಲ್ಲವೆಂಬ ವಾದಕ್ಕೆ ಈ ಒಂದು ಅಂಕಿಯೇ ಸಾಕಾಗಿತ್ತು.

1969ರಲ್ಲಿ ರೈಲ್ವೆ ಇಲಾಖೆ ಮಹಾನಗರ ಸಾರಿಗೆ ಯೋಜನೆಯೆಂಬ ಘಟಕವನ್ನು ಸ್ಥಾಪಿಸಿತು. ಸೋವಿಯತ್ ತಜ್ಞರ ನೆರವಿನೊಂದಿಗೆ ಅದು 1971ರಲ್ಲಿ ಸಿದ್ಧಪಡಿಸಿದ ಮಹಾಯೋಜನೆಯಲ್ಲಿ ಒಟ್ಟು 97.5 ಕಿಲೋಮೀಟರ್ ಉದ್ದದ ಐದು ಮಾರ್ಗಗಳಿದ್ದವು. ಅವುಗಳಲ್ಲಿ ಉತ್ತರದ ದಮ್‌ದಮ್‌ನಿಂದ ದಕ್ಷಿಣದ ಟಾಲಿಗಂಜ್‌ವರೆಗಿನ 16.45 ಕಿಲೋಮೀಟರ್ ಮಾರ್ಗಕ್ಕೆ ಮೊದಲ ಸ್ಥಾನ ದೊರೆಯಿತು. ಅದಕ್ಕೆ 1972ರ ಜೂನ್ 1ರಂದು ಮಂಜೂರಾತಿ ಸಿಕ್ಕಿತು, ಅದೇ ವರ್ಷ ಡಿಸೆಂಬರ್ 29ರಂದು ಪ್ರಧಾನಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದರು. ಈ ಕಾಲದಲ್ಲಿ ಯೋಜನೆಯ ವಿನ್ಯಾಸದ ಹೊಣೆ ಹೊತ್ತ ಅಧಿಕಾರಿಗಳಲ್ಲಿ ಒಬ್ಬರು, 1970ರಲ್ಲಿ ಉಪ ಮುಖ್ಯ ಎಂಜಿನಿಯರಾಗಿ ಅಲ್ಲಿಗೆ ಬಂದ ಇ. ಶ್ರೀಧರನ್, ಕರಾವಳಿ ಕರ್ನಾಟಕದ ಜನ ಕೊಂಕಣ ರೈಲ್ವೆಯ ನೇತಾರರೆಂದೂ ದೇಶದ ಇತರರು ದೆಹಲಿ ಮೆಟ್ರೊದ ನಿರ್ಮಾತೃವೆಂದೂ ಬಲ್ಲ ಅದೇ ವ್ಯಕ್ತಿ.

ಅಡಿಗಲ್ಲಿಗೂ ಮೊದಲ ರೈಲಿಗೂ ನಡುವಿನ ಹನ್ನೆರಡು ವರ್ಷಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆಗ ಅನುಸರಿಸಿದ ನಿರ್ಮಾಣ ಕ್ರಮವನ್ನು ತಿಳಿಯಬೇಕು. ಮಾರ್ಗದ ಬಹುಭಾಗವನ್ನು ಕಟ್ಟಿದ್ದು ಅಗೆದು ಮುಚ್ಚುವ ವಿಧಾನದಿಂದ: ಮೊದಲು ರಸ್ತೆಯ ಎರಡೂ ಅಂಚಿನಲ್ಲಿ ಆಳವಾದ, ಕಿರಿದಾದ ಕಂದಕ ತೋಡಿ, ಅದರ ಬದಿಗಳು ಕುಸಿಯದಂತೆ ಬೆಂಟೊನೈಟ್ ಎಂಬ ಜೇಡಿಯನ್ನು ನೀರಿನಲ್ಲಿ ಕಲಸಿದ ದ್ರಾವಣವನ್ನು ತುಂಬಿ, ಬಳಿಕ ಆ ದ್ರಾವಣದ ಜಾಗಕ್ಕೆ ಕಾಂಕ್ರೀಟ್ ಸುರಿದು ಡಯಾಫ್ರಾಮ್ ಗೋಡೆಗಳೆಂದು ಕರೆಯುವ ಗೋಡೆಗಳನ್ನು ನೆಲದೊಳಗೇ ಎಬ್ಬಿಸಲಾಗುತ್ತಿತ್ತು; ಆಮೇಲೆ ಎರಡು ಗೋಡೆಗಳ ನಡುವಿನ ಮಣ್ಣನ್ನು ತೆಗೆದು, ತಳವನ್ನೂ ಚಾವಣಿಯನ್ನೂ ಕಟ್ಟಿ, ಮೇಲೆ ಮತ್ತೆ ಮಣ್ಣು ಮುಚ್ಚಿ ರಸ್ತೆ ಹಾಸಲಾಗುತ್ತಿತ್ತು. ಗಂಗೆಯ ಮುಖಜ ಭೂಮಿಯ ಮೆತ್ತನೆಯ ಜೇಡಿಮಣ್ಣು, ತುಸು ಅಗೆದರೆ ಸಿಗುವ ನೀರು, ಮತ್ತು ರಸ್ತೆಯಡಿ ಬ್ರಿಟಿಷರ ಕಾಲದಿಂದ ಸೇರುತ್ತ ಬಂದಿದ್ದ ನೀರಿನ ಕೊಳವೆ, ಒಳಚರಂಡಿ, ಅನಿಲದ ಕೊಳವೆ, ದೂರವಾಣಿ ತಂತಿಗಳ ಜಾಲ ಈ ಕೆಲಸವನ್ನು ಹೆಜ್ಜೆಹೆಜ್ಜೆಗೂ ತಡೆದವು. ಇವೆಲ್ಲವನ್ನೂ ಮೊದಲು ಬೇರೆಡೆಗೆ ಸರಿಸದೆ ಒಂದು ಮೀಟರನ್ನೂ ಅಗೆಯುವಂತಿರಲಿಲ್ಲ. ಅದರ ಜೊತೆಗೆ ನ್ಯಾಯಾಲಯದ ತಡೆಯಾಜ್ಞೆಗಳು ಬಂದವು, ಅಗತ್ಯ ಸಾಮಗ್ರಿಗಳ ಪೂರೈಕೆ ಏರುಪೇರಾಯಿತು, ಎಲ್ಲಕ್ಕಿಂತ ಮುಖ್ಯವಾಗಿ 1977-78ರವರೆಗೆ ಯೋಜನೆಗೆ ಸಿಕ್ಕ ಹಣ ಅತ್ಯಲ್ಪವಾಗಿತ್ತು. ವರ್ಷಗಟ್ಟಲೆ ಬಾಯಿ ತೆರೆದ ಹೊಂಡಗಳ ಪಕ್ಕದಲ್ಲೇ ಬಸ್ಸು, ಟ್ರಾಮು, ಪಾದಚಾರಿಗಳು ಸಾಗಬೇಕಾಗಿದ್ದ ನಗರದಲ್ಲಿ ಮೆಟ್ರೊದ ಹೆಸರು ಗೇಲಿಯ ಮಾತಾಗಿದ್ದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ರೈಲ್ವೆ ಸಚಿವರಾಗಿದ್ದ ಬಂಗಾಳದವರೇ ಆದ ಎ.ಬಿ.ಎ. ಘನಿ ಖಾನ್ ಚೌಧರಿ ಅವರ ಒತ್ತಾಸೆಯಿಂದ ಕೊನೆಗೂ ಕೆಲಸ ಚುರುಕಾಯಿತು. 1984ರ ಅಕ್ಟೋಬರ್ 24ರಂದು ಎಸ್‌ಪ್ಲನೇಡ್‌ನಿಂದ ಭವಾನಿಪುರದವರೆಗೆ, ಐದು ನಿಲ್ದಾಣಗಳ 3.4 ಕಿಲೋಮೀಟರ್ ಉದ್ದದ ಮಾರ್ಗದಲ್ಲಿ ಭಾರತದ ಮೊದಲ ಮೆಟ್ರೊ ರೈಲು ಸಂಚರಿಸಿತು. ಲಂಡನ್ನಿನಲ್ಲಿ ಜಗತ್ತಿನ ಮೊದಲ ಭೂಗತ ರೈಲು ಓಡಿದ 121 ವರ್ಷಗಳ ನಂತರ, ದೆಹಲಿ ಮೆಟ್ರೊಗಿಂತ 18 ವರ್ಷ ಮೊದಲು. ಅಡಿಗಲ್ಲು ಹಾಕಿದ್ದ ಪ್ರಧಾನಿ ಅದಾದ ಒಂದೇ ವಾರದಲ್ಲಿ, ಅಕ್ಟೋಬರ್ 31ರಂದು, ಹತ್ಯೆಗೀಡಾದರು.

ಮುಂದಿನ ಹಂತಗಳ ದಿನಾಂಕಗಳು ವಿಚಿತ್ರವಾಗಿವೆ. 1984ರ ನವೆಂಬರ್ 12ರಂದು ಉತ್ತರ ತುದಿಯ ದಮ್‌ದಮ್ ಮತ್ತು ಬೆಲ್‌ಗಾಛಿಯಾ ನಡುವೆ 2.15 ಕಿಲೋಮೀಟರ್ ತೆರೆಯಿತಾದರೂ ಅದು ಉಳಿದ ಮಾರ್ಗಕ್ಕೆ ಕೂಡಿಕೊಂಡಿರಲಿಲ್ಲ. ಎಲ್ಲಿಗೂ ತಲುಪಿಸದ ಈ ತುಂಡಿನಲ್ಲಿ ಪ್ರಯಾಣಿಕರು ಸಾಕಷ್ಟು ಇರಲಿಲ್ಲವಾದ್ದರಿಂದ 1992ರ ಅಕ್ಟೋಬರ್ 26ರಂದು ಅಲ್ಲಿ ಸಂಚಾರವನ್ನೇ ನಿಲ್ಲಿಸಲಾಯಿತು. ದಕ್ಷಿಣದಲ್ಲಿ 1986ರ ಏಪ್ರಿಲ್ 29ರಂದು ರೈಲು ಟಾಲಿಗಂಜ್ ಮುಟ್ಟಿತು. ಅಲ್ಲಿಂದ ಎಂಟು ವರ್ಷ ಒಂದು ಕಿಲೋಮೀಟರೂ ಹೆಚ್ಚಲಿಲ್ಲ. ನಡುವೆ ಉಳಿದಿದ್ದುದು ಒತ್ತೊತ್ತಾದ ಹಳೆಯ ಕಟ್ಟಡಗಳ ಉತ್ತರ ಕೋಲ್ಕತ್ತ. ಬೆಲ್‌ಗಾಛಿಯಾದಿಂದ ಶ್ಯಾಮ್‌ಬಜಾರ್‌ವರೆಗೆ ರೈಲ್ವೆ ಯಾರ್ಡು ಮತ್ತು ಕಾಲುವೆಯ ಕೆಳಗೆ ಸಾಗಬೇಕಾಗಿದ್ದುದರಿಂದ ಅಲ್ಲಿ ಅಗೆದು ಮುಚ್ಚುವ ವಿಧಾನ ನಡೆಯುವಂತಿರಲಿಲ್ಲ. ಉಕ್ಕಿನ ಕವಚದ ರಕ್ಷಣೆಯಲ್ಲಿ ನೆಲದೊಳಗಿಂದಲೇ ಮುಂದುವರಿಯುವ ಕವಚ ಸುರಂಗ ವಿಧಾನವನ್ನು ಅನುಸರಿಸಬೇಕಾಯಿತು. 1994ರ ಆಗಸ್ಟ್ 13ರಂದು ಆ ಭಾಗ ತೆರೆದ ಮೇಲೆ ಸಣ್ಣಸಣ್ಣ ತುಂಡುಗಳು ಬೇಗಬೇಗ ಸೇರಿಕೊಂಡವು: ಅಕ್ಟೋಬರಿನಲ್ಲಿ ಚಾಂದನಿ ಚೌಕ, 1995ರ ಫೆಬ್ರುವರಿಯಲ್ಲಿ ಒಂದು ಕಡೆ ಗಿರೀಶ್ ಪಾರ್ಕ್, ಇನ್ನೊಂದು ಕಡೆ ಸೆಂಟ್ರಲ್, ಕೊನೆಗೆ 1995ರ ಸೆಪ್ಟೆಂಬರ್ 27ರಂದು ನಡುವಿನ 1.8 ಕಿಲೋಮೀಟರ್. ಅಡಿಗಲ್ಲಿನಿಂದ ಎಣಿಸಿದರೆ 16.45 ಕಿಲೋಮೀಟರಿಗೆ ಸುಮಾರು 23 ವರ್ಷ ಹಿಡಿದಂತಾಯಿತು. ಈ ವಿಳಂಬವನ್ನು ಬಂಗಾಳದ ಆಲಸ್ಯವೆಂದು ಹೀಗಳೆಯುವವರು ಅಂದಿನ ಭಾರತದಲ್ಲಿ ಈ ಕೆಲಸ ಬಲ್ಲವರು ಯಾರೂ ಇರಲಿಲ್ಲವೆಂಬುದನ್ನು ಮರೆಯುತ್ತಾರೆ; ನಂತರದ ನಗರಗಳು ಹಣಕಾಸು, ಭೂಸ್ವಾಧೀನ ಮತ್ತು ನಿರ್ಧಾರದ ಅಧಿಕಾರವನ್ನು ಪ್ರತ್ಯೇಕ ಕಂಪನಿಯೊಂದರ ಕೈಗೆ ಕೊಟ್ಟದ್ದರ ಹಿಂದೆ ಕೋಲ್ಕತ್ತದ ಕಹಿ ಅನುಭವವಿದೆ.

ಆ ದೃಷ್ಟಿಯಿಂದ ಕೋಲ್ಕತ್ತ ಮೆಟ್ರೊ ಇಂದಿಗೂ ಬೇರೆಯೇ. ದೆಹಲಿ, ಬೆಂಗಳೂರು ಮೊದಲಾದೆಡೆ ಮೆಟ್ರೊ ನಡೆಸುವುದು ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಜಂಟಿ ಕಂಪನಿಗಳಾದರೆ, ಇಲ್ಲಿ ನಡೆಸುವುದು ಭಾರತೀಯ ರೈಲ್ವೆ; 2010ರ ಡಿಸೆಂಬರ್ 29ರಂದು, ಅಂದರೆ ಅಡಿಗಲ್ಲು ಹಾಕಿದ ತಾರೀಖಿನಂದೇ, ಅದು ರೈಲ್ವೆಯ 17ನೆಯ ವಲಯವಾಯಿತು. ಹಳೆಯ ಮಾರ್ಗದ ಹಳಿಗಳೂ ದೇಶದ ಸಾಮಾನ್ಯ ರೈಲುಗಳಂತೆ 1,676 ಮಿಲಿಮೀಟರ್ ಅಂತರದ ಬ್ರಾಡ್‌ಗೇಜ್. ವಿದ್ಯುತ್ತು ಮಾತ್ರ ತಲೆಯ ಮೇಲಿನ ತಂತಿಯಿಂದಲ್ಲದೆ, ಪಕ್ಕದಲ್ಲಿ ಹಾಸಿರುವ ಮೂರನೆಯ ಹಳಿಯಿಂದ 750 ವೋಲ್ಟ್ ಏಕಮುಖ ಪ್ರವಾಹವಾಗಿ ಹರಿಯುತ್ತದೆ. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿಯೂ ಇದೇ ವ್ಯವಸ್ಥೆ. ಹವಾನಿಯಂತ್ರಣವಿಲ್ಲದ ಹಳೆಯ ಬೋಗಿಗಳು 2021ರ ಅಕ್ಟೋಬರ್ 24ರಂದು, ಮೊದಲ ಓಟದ ವಾರ್ಷಿಕೋತ್ಸವದಂದು, ಸೇವೆಯಿಂದ ನಿವೃತ್ತವಾದವು.

ದಕ್ಷಿಣಕ್ಕೆ 2009ರ ಆಗಸ್ಟ್ 22ರಂದು ಮೊದಲ ಹಂತ ತೆರೆದ ವಿಸ್ತರಣೆ ಸುರಂಗದಲ್ಲಿ ಸಾಗದೆ ಕಂಬಗಳ ಮೇಲೆ ಸಾಗಿತು. ಆ ಕಂಬಗಳನ್ನು ಗಂಗೆಯ ಹಳೆಯ ಪಾತ್ರವೆಂದು ಪೂಜ್ಯವಾದ ಆದಿಗಂಗೆಯ ನಡುವೆಯೇ ನೆಟ್ಟಿದ್ದಕ್ಕೆ ಪರಿಸರವಾದಿಗಳ ವಿರೋಧ ಅಂದೂ ಇತ್ತು, ಇಂದೂ ಇದೆ. ನಿಲ್ದಾಣಗಳ ಹೆಸರಿನಲ್ಲಿ ಮಾತ್ರ ಬಂಗಾಳ ತನ್ನ ಮನಸ್ಸನ್ನು ತೋರಿಸಿತು: ಟಾಲಿಗಂಜ್ ಚಿತ್ರನಟ ಮಹಾನಾಯಕ ಉತ್ತಮ್ ಕುಮಾರ್ ಅವರ ಹೆಸರು ಪಡೆದರೆ, ಮುಂದಿನವು ನೇತಾಜಿ, ಮಾಸ್ಟರ್‌ದಾ ಸೂರ್ಯ ಸೇನ್, ಗೀತಾಂಜಲಿ, ಕವಿ ನಜ್ರುಲ್, ಶಹೀದ್ ಖುದಿರಾಮ್, ಕವಿ ಸುಭಾಷ್. ಊರಿಗೆ ಹೊಸಬರಾದವರಿಗೆ ಇದರಿಂದ ಬಡಾವಣೆ ಪತ್ತೆಹಚ್ಚುವುದು ಕಷ್ಟವಾಗುತ್ತದೆಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರದಲ್ಲಿ ರೈಲು 2013ರಲ್ಲಿ ನೋವಾಪಾರಾವನ್ನು, 2021ರ ಫೆಬ್ರುವರಿ 22ರಂದು ಕಾಳಿ ದೇಗುಲದ ದಕ್ಷಿಣೇಶ್ವರವನ್ನು ತಲುಪಿತು.

1921ರ ಕನಸಿನ ಪೂರ್ವ-ಪಶ್ಚಿಮ ಮಾರ್ಗದ ಕೆಲಸ 2009ರಲ್ಲಿ ಆರಂಭವಾಯಿತು. ಈ ಬಾರಿ ರಸ್ತೆ ಅಗೆಯುವ ಬದಲು, ಮುಂದೆ ತಿರುಗುವ ಹಲ್ಲುಗಳಿಂದ ಮಣ್ಣು ಕೊರೆಯುತ್ತ ಹಿಂದೆ ಕಾಂಕ್ರೀಟ್ ಉಂಗುರಗಳನ್ನು ಜೋಡಿಸುತ್ತ ಹೋಗುವ ಬೃಹತ್ ಯಂತ್ರಗಳನ್ನು ಬಳಸಲಾಯಿತು. ಪ್ರೇರಣಾ, ರಚನಾ ಎಂಬ ಹೆಸರಿನ ಎರಡು ಯಂತ್ರಗಳು 2017ರಲ್ಲಿ ಹೂಗ್ಲಿಯ ಅಡಿಯ 520 ಮೀಟರನ್ನು ಕೊರೆದು ದಾಟಿದವು. ಎಲ್ಲರೂ ಅಂಜಿದ್ದ ನದಿ ಹೀಗೆ ಸುಲಭವಾಗಿ ಒಲಿದರೆ, ತೊಂದರೆ ಎದುರಾದದ್ದು ದಡದ ಮೇಲಿನ ಊರಿನಲ್ಲಿ. ಕರೆನ್ಸಿ ಕಟ್ಟಡ ಮತ್ತು ಎರಡು ಯಹೂದಿ ಪ್ರಾರ್ಥನಾಮಂದಿರಗಳಂಥ ಸಂರಕ್ಷಿತ ಸ್ಮಾರಕಗಳ ಸಮೀಪ ಸಾಗಲು ಪುರಾತತ್ತ್ವ ಇಲಾಖೆಯ ಅನುಮತಿಗೆ ಕಾಯಬೇಕಾಯಿತು. ಸೆಂಟ್ರಲ್ ಮೂಲಕ ಹೋಗಬೇಕಿದ್ದ ಮಾರ್ಗವನ್ನು ಎಸ್‌ಪ್ಲನೇಡ್ ಕಡೆಗೆ ತಿರುಗಿಸಿದ್ದರಲ್ಲಿ ಮತ್ತಷ್ಟು ವರ್ಷಗಳು ಕಳೆದವು. 2019ರ ಆಗಸ್ಟ್ 31ರಂದು ಬೋಬಜಾರ್ ಬಡಾವಣೆಯ ಅಡಿಯಲ್ಲಿ ಕೊರೆಯುತ್ತಿದ್ದ ಇನ್ನೊಂದು ಯಂತ್ರ ಅಂತರ್ಜಲದ ಪದರವೊಂದನ್ನು ಭೇದಿಸಿ, ನೀರೂ ಮಣ್ಣೂ ಸುರಂಗಕ್ಕೆ ನುಗ್ಗಿ, ಮೇಲಿನ ಹಳೆಯ ಮನೆಗಳು ಬಿರುಕುಬಿಟ್ಟು ಕುಸಿದವು. ನೂರಾರು ಜನ ಉಟ್ಟಬಟ್ಟೆಯಲ್ಲಿ ಮನೆ ಬಿಡಬೇಕಾಯಿತು. 2022ರಲ್ಲಿ ಅದೇ ಜಾಗದಲ್ಲಿ ಮತ್ತೆ ಬಿರುಕುಗಳು ಕಾಣಿಸಿಕೊಂಡವು. ಮೆಟ್ರೊದ ಚರಿತ್ರೆಯಲ್ಲಿ ಉದ್ಘಾಟನೆಯ ಫಲಕಗಳ ಮೇಲೆ ಬರೆಯದ, ಆದರೆ ಅವುಗಳಷ್ಟೇ ಮುಖ್ಯವಾದ ದಿನಾಂಕವೆಂದರೆ 2019ರ ಆ ಆಗಸ್ಟ್ 31.

ಆದ್ದರಿಂದ ಈ ಮಾರ್ಗವೂ ಹಳೆಯದರಂತೆ ತುಂಡುತುಂಡಾಗಿಯೇ ತೆರೆಯಬೇಕಾಯಿತು. 2020ರ ಫೆಬ್ರುವರಿ 13ರಂದು ಪೂರ್ವದ ಸಾಲ್ಟ್ ಲೇಕ್ ಭಾಗ, 2022ರ ಜುಲೈನಲ್ಲಿ ಸಿಯಾಲ್ದಾ, 2024ರ ಮಾರ್ಚ್ 6ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿ ಮಾರ್ಚ್ 15ರಂದು ಜನರಿಗೆ ತೆರೆದ ಹೌರಾ ಮೈದಾನ-ಎಸ್‌ಪ್ಲನೇಡ್ ಭಾಗ ಬಂದವು. ನದಿಯಡಿಯ ಅಂತರವನ್ನು ರೈಲು ಸುಮಾರು 45 ಸೆಕೆಂಡುಗಳಲ್ಲಿ ದಾಟುತ್ತದೆ. ಬೋಬಜಾರ್‌ನ ಗಾಯದಿಂದಾಗಿ ಬಾಕಿ ಉಳಿದಿದ್ದ ಎಸ್‌ಪ್ಲನೇಡ್-ಸಿಯಾಲ್ದಾ ಕೊಂಡಿ 2025ರ ಆಗಸ್ಟ್ 22ರಂದು ಕೂಡಿಕೊಂಡಾಗ 16.6 ಕಿಲೋಮೀಟರ್ ಉದ್ದದ ಮಾರ್ಗ ಪೂರ್ಣವಾಯಿತು. ಅದೇ ದಿನ ಇನ್ನೊಂದು ಮಾರ್ಗ ವಿಮಾನ ನಿಲ್ದಾಣವನ್ನೂ ಮುಟ್ಟಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಕಂಬಗಳಲ್ಲಿ ಬಿರುಕು ಕಂಡದ್ದರಿಂದ, ತೆರೆದು 15 ವರ್ಷವೂ ಆಗದ ಕವಿ ಸುಭಾಷ್ ನಿಲ್ದಾಣವನ್ನು ಮುಚ್ಚಬೇಕಾಗಿ ಬಂದಿತ್ತು.

ಹೌರಾದಲ್ಲಿ ರೈಲಿಳಿದು ಕೋಲ್ಕತ್ತ ನೋಡಹೊರಡುವ ಕನ್ನಡದ ಪ್ರವಾಸಿಗರು ಸೇತುವೆಯ ದಟ್ಟಣೆಯಲ್ಲಿ ಸಿಲುಕದೆ ನಿಲ್ದಾಣದಿಂದಲೇ ಕೆಳಗಿಳಿದು ಎಸ್‌ಪ್ಲನೇಡ್ ತಲುಪಬಹುದು. 1984ರ ಮಾರ್ಗವೂ 2024ರ ಮಾರ್ಗವೂ ಸಂಧಿಸುವುದು ಅಲ್ಲಿಯೇ, ಮತ್ತು ನದಿಯಡಿಯಲ್ಲಿ ಅವರನ್ನು ಕರೆದೊಯ್ಯುವ ಬೋಗಿಗಳನ್ನು ತಯಾರಿಸಿದ್ದು ಬೆಂಗಳೂರಿನ ಬೆಮೆಲ್ ಸಂಸ್ಥೆ.