ಗೇಟಿನಲ್ಲಿ ಕೂತ ವಿಮರ್ಶಕ

ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಈಗ ವೃತ್ತಿ ರಂಗಭೂಮಿಗೆಂದೇ, ಅಂದರೆ ಕಂಪನಿ ನಾಟಕಕ್ಕೆಂದೇ, ಸರ್ಕಾರದ ಒಂದು ರಂಗಾಯಣವಿದೆ. ದಾವಣಗೆರೆಯ ಹಳೆಯ ನಾಟಕದ ಹುಚ್ಚಿನವರಿಗೆ ಅದು ಹೆಮ್ಮೆಯ ಮಾತು. ನನಗೆ ಒಳಗೊಳಗೇ ನಗುವೂ ಬರುತ್ತದೆ. ಕಂಪನಿ ನಾಟಕವೆಂದರೆ ಮೂಗು ಮುರಿಯುವುದು ನಮ್ಮ ಓದಿಕೊಂಡವರಿಗೆ ನೂರು ವರ್ಷದ ರೂಢಿ.

ರಾಜರು, ರಾಕ್ಷಸರು, ಮಾತಿಗೊಂದು ಹಾಡು, ಬಣ್ಣದ ಪರದೆ. ಇವೆಲ್ಲ ಸಾಕೆಂದು ಕೈಲಾಸಂ 1918ರ ಹೊತ್ತಿಗೆ 'ಟೊಳ್ಳುಗಟ್ಟಿ'ಯಲ್ಲಿ ಮನೆಯೊಳಗಿನ ಮಾತನ್ನೇ ರಂಗಕ್ಕೆ ತಂದರು. ಎಪ್ಪತ್ತರ ದಶಕದ ಹವ್ಯಾಸಿಗಳ ದೂರು ಬೇರೆ: ಕಣ್ಣೀರು ಅತಿ, ಹಾಸ್ಯವೆಲ್ಲ ಡಬಲ್ ಮೀನಿಂಗು.

ಕಂಪನಿಯವರು ಇದಕ್ಕೆ ಪತ್ರಿಕೆಯಲ್ಲಿ ಉತ್ತರ ಬರೆಯುತ್ತ ಕೂರಲಿಲ್ಲ. ಅವರ ವಿಮರ್ಶಕ ಗೇಟಿನಲ್ಲಿದ್ದ. ಅವನ ಹೆಸರು ಕಲೆಕ್ಷನ್. ಹಾಡಿಗೆ 'ವನ್ಸ್ ಮೋರ್' ಬಿದ್ದರೆ ಸತ್ತ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ, ಮತ್ತೆ ಸಾಯಬೇಕು. ಮುಂದಿನ ಸಾಲು ಆಕಳಿಸಿದರೆ ನಾಳೆ ಆ ಸೀನಿಗೆ ಕತ್ತರಿ. ಗಳಿಕೆ ಬಿದ್ದರೆ ನಾಟಕ ಬದಲು, ಇನ್ನೂ ಬಿದ್ದರೆ ಕ್ಯಾಂಪೇ ಬದಲು. ಇಷ್ಟು ನಿಷ್ಠುರವಾಗಿ, ಇಷ್ಟು ಬೇಗ ತೀರ್ಪು ಕೊಡುವ ಅಂಕಣಕಾರ ನಮ್ಮಲ್ಲಿ ಯಾರಿದ್ದಾರೆ?

ಈ ತೀರ್ಪಿನ ಮುಂದೆ ಬೆಳೆದವರು ದಾವಣಗೆರೆಯ ಚಿಂದೋಡಿ ಲೀಲಾ. ತಂದೆ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯೇ ಅವರ ಮನೆ, ಅದೇ ಶಾಲೆ. ದಾವಣಗೆರೆ ಆಗ ಹತ್ತಿ ಗಿರಣಿಗಳ ಊರು; ಪಾಳಿ ಮುಗಿಸಿ ಬಂದು ಕೂತವನನ್ನು ಒಂದು ತಪ್ಪು ಸ್ವರ ಎಬ್ಬಿಸಿ ಕಳಿಸಬಹುದಿತ್ತು. 'ಹಳ್ಳಿ ಹುಡುಗಿ', 'ಪೊಲೀಸನ ಮಗಳು' ನಾಟಕಗಳಿಗೆ ಜನ ಮತ್ತೆ ಮತ್ತೆ ಬಂದರು. 1988ರಲ್ಲಿ ಲೀಲಾ ಅವರಿಗೆ ಪದ್ಮಶ್ರೀ ಬಂತು. ಅಷ್ಟರಲ್ಲಿ ಸಿನಿಮಾದವರೂ ಕಂಪನಿ ಕಥೆಗೆ ಕೈಚಾಚಿ ಆಗಿತ್ತು: ರಾಜ್‌ಕುಮಾರ್ ಅಭಿನಯದ 'ಸಂಪತ್ತಿಗೆ ಸವಾಲ್' (1974) ಮೂಲದಲ್ಲಿ ಪಿ.ಬಿ. ಧುತ್ತರಗಿಯವರ ನಾಟಕ.

ಹಾಗೆಂದು ಗೇಟಿನವನೇ ಸರಿ ಎನ್ನಲಾರೆ. ಅವನು ಮುಲಾಜಿಲ್ಲದವನು, ನಿಜ, ಆಸೆಬುರುಕನೂ ಹೌದು. ಟಿ.ವಿ. ಮನೆ ಹೊಕ್ಕ ಮೇಲೆ ಖಾಲಿ ಕುರ್ಚಿ ತುಂಬಿಸಲು ಹಾಸ್ಯನಟನ ಪಾತ್ರ ಉದ್ದವಾಯಿತು, ಮಾತು ಇನ್ನಷ್ಟು ಜಾರಿತು. ಹವ್ಯಾಸಿಗಳ ದೂರಿಗೆ ಸಾಕ್ಷಿಯನ್ನು ಕಂಪನಿಗಳೇ ಒದಗಿಸಿದವು. ಶಿಳ್ಳೆಗೆ ಮಣಿದವರಿಗೆ ಬೈಗುಳ ಕೇಳಿಸುವುದು ತಡವಾಗಿ.

ಅತ್ತ ಓದಿದವರ ಪಾಳಯದಲ್ಲೂ ಒಂದು ತಿರುವು. ಹುಡುಗನಾಗಿ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದು, ಹೊರಹಾಕಿದ್ದ ಹಾಡನ್ನು ಆಧುನಿಕ ರಂಗಕ್ಕೆ ಮರಳಿ ತಂದರು. 1989ರಲ್ಲಿ ಮೈಸೂರಿನ ರಂಗಾಯಣ ಶುರುವಾದದ್ದೂ ಅವರ ನಿರ್ದೇಶನದಲ್ಲೇ. ಕಂಪನಿಯ ಹಾರ್ಮೋನಿಯಂ ಸರ್ಕಾರಿ ಬಾಗಿಲು ದಾಟಿದ್ದು ಹೀಗೆ. ಕಂಪನಿಯವರಿಗೇ ಒಂದು ಬಾಗಿಲು ತೆರೆಯಲು ಕೊಂಡಜ್ಜಿಯವರೆಗೆ ಕಾಯಬೇಕಾಯಿತು.

ಸರ್ಕಾರದ ಅನುದಾನ ಬಂದಲ್ಲಿ ಗೇಟಿನವನ ದನಿ ತಗ್ಗುತ್ತದೆ. ಅವನನ್ನು ನೋಡಲು ಜನವರಿಯಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೇ ಹೋಗಬೇಕು. ಅಲ್ಲಿ ಕಂಪನಿಗಳ ಟೆಂಟುಗಳು ಸಾಲಾಗಿ ನಿಂತಿರುತ್ತವೆ; ಒಂದರಲ್ಲಿ ಬೇಸರ ಬಂದವನು ಚಪ್ಪಲಿ ಮೆಟ್ಟಿ ಪಕ್ಕದ್ದಕ್ಕೆ ನಡೆಯುತ್ತಾನೆ.