ಬೆಸುಗೆಯ ಕೋಣೆ

ನಾನು ಬಾಲಕನಾಗಿದ್ದಾಗ, ವರ್ಷಕ್ಕೊಮ್ಮೆ, ಸುಗ್ಗಿಯ ಕೆಲಸಗಳೆಲ್ಲ ಮುಗಿದು ಮದುವೆಗಳ ಕಾಲ ಸಮೀಪಿಸುತ್ತಿರುವಾಗ, ನಮ್ಮ ಬೀದಿಯ ಹೊಂಗೆಯ ಮರದ ನೆರಳಿಗೆ ಕಲಾಯಿಯವನು ಬಂದು ಕುಳಿತುಕೊಳ್ಳುತ್ತಿದ್ದನು. ನೆಲದಲ್ಲಿ ಗೇಣು ಆಳದ ಗುಂಡಿಯನ್ನು ತೋಡಿ, ತಿದಿಯ ಮೂತಿಯನ್ನು ಅದರೊಳಕ್ಕೆ ಹೂಳಿ, ಇದ್ದಲು ಕೆಂಡವಾಗುವವರೆಗೂ ಗಾಳಿಯೂದಿ, ಮನೆಮನೆಗಳಿಂದ ಬಂದ ಹಿತ್ತಾಳೆಯ ಕೊಳದಪ್ಪಲೆಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು ಕಾಯಿಸಿ, ಚಿಟಿಕೆ ನವಸಾಗರವನ್ನು ಉದುರಿಸಿ, ತವರದ ಕಡ್ಡಿಯನ್ನು ಒಮ್ಮೆ ಮುಟ್ಟಿಸಿ, ಅರಳೆಯ ಉಂಡೆಯಿಂದ ಅವನು ಸುತ್ತಲೂ ಸವರಿದನೆಂದರೆ, ಕಪ್ಪಿಟ್ಟಿದ್ದ ಪಾತ್ರೆಯ ಒಳಮೈ ಬೆಳ್ಳಿಯಂತೆ ಬೆಳಗುತ್ತಿದ್ದಿತು. ಶಾಲೆಗೆ ಹೊತ್ತಾಯಿತೆಂದು ತಾಯಿ ಕೂಗುತ್ತಿದ್ದರೂ ನಮಗೆ ಅಲ್ಲಿಂದ ಏಳಲು ಮನಸ್ಸು ಬರುತ್ತಿರಲಿಲ್ಲ. ಇಂಗ್ಲಿಷರ ನಾಡಿನಲ್ಲಿ ಊರೂರು ತಿರುಗಿ ಪಾತ್ರೆಗಳ ತೂತು ಮುಚ್ಚಿ ಬೆಸೆದುಕೊಡುತ್ತಿದ್ದ ಇಂಥದೇ ಅಲೆಮಾರಿ ಕುಶಲಿಗೆ ಟಿಂಕರ್ ಎಂದು ಹೆಸರು. ಆ ಹೆಸರು ಇಂದು ನಮ್ಮ ದೇಶದ ಸಹಸ್ರಾರು ಶಾಲೆಗಳ ಬಾಗಿಲ ಮೇಲೆ ಬರೆಯಲ್ಪಟ್ಟಿದೆ. ಅಂತಹ ಒಂದು ಬಾಗಿಲನ್ನು ದಾಟಿ ಒಳಗೆ ಹೋಗಿಬಂದುದರ ಫಲವೇ ಈ ಲೇಖನ.

ಅಟಲ್ ಟಿಂಕರಿಂಗ್ ಲ್ಯಾಬ್ ಎಂಬ ಈ ಸಂಸ್ಥೆ ಹುಟ್ಟಿದುದು 2016ರಲ್ಲಿ, ನೀತಿ ಆಯೋಗದ ಆಶ್ರಯದಲ್ಲಿ ಸ್ಥಾಪಿತವಾದ ಅಟಲ್ ಇನ್ನೋವೇಶನ್ ಮಿಷನ್‌ನ ಅಂಗವಾಗಿ. ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ, ಬಯಲುಸೀಮೆಯಲ್ಲಾದರೆ 1,500 ಚದರಡಿಯಷ್ಟು ಸ್ಥಳವನ್ನು ಒದಗಿಸಬಲ್ಲ ಶಾಲೆ ಆಯ್ಕೆಯಾದರೆ ಅದಕ್ಕೆ ಒಟ್ಟು 20 ಲಕ್ಷ ರೂಪಾಯಿಗಳವರೆಗೆ ಧನಸಹಾಯ ದೊರೆಯುವಂತೆ ಯೋಜನೆ ರೂಪುಗೊಂಡಿತು. ಅದರಲ್ಲಿ 10 ಲಕ್ಷ ಉಪಕರಣಗಳಿಗೂ ಸ್ಥಾಪನೆಗೂ, ಉಳಿದುದು ಐದು ವರ್ಷಗಳವರೆಗಿನ ನಿರ್ವಹಣೆಗೂ ಮೀಸಲು. ಇಂತಹ ಕೋಣೆಗಳು ಈಗ ದೇಶದಲ್ಲಿ ಹತ್ತು ಸಾವಿರವನ್ನು ಮೀರಿವೆ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿಯೇ ಇನ್ನೂ 50,000 ಲ್ಯಾಬುಗಳನ್ನು ತೆರೆಯುವುದಾಗಿ 2025ರ ಕೇಂದ್ರ ಮುಂಗಡಪತ್ರದಲ್ಲಿ ಸಾರಲಾಯಿತು.

ನಾನು ಹೋದದ್ದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರೌಢಶಾಲೆಗೆ, ಶ್ರಾವಣದ ಒಂದು ಶನಿವಾರ, ಬೆಳಗಿನ ತರಗತಿಗಳು ಮುಗಿದ ಮೇಲೆ. ಉದ್ದನೆಯ ಕೋಣೆ; ಗೋಡೆಗೆ ತೂಗುಹಾಕಿದ ಹಲಗೆಯ ಮೇಲೆ ಸುತ್ತಿಗೆ, ಇಕ್ಕಳ, ಸ್ಕ್ರೂಡ್ರೈವರುಗಳು, ಒಂದೊಂದರ ಹಿಂದೆಯೂ ಅದರದೇ ಆಕಾರವನ್ನು ಬಣ್ಣದಲ್ಲಿ ಬರೆದು, ತೆಗೆದುಕೊಂಡವರು ಹಿಂದಿರುಗಿಸಬೇಕಾದ ಸ್ಥಳವನ್ನು ಸೂಚಿಸಲಾಗಿದ್ದಿತು. ಮೇಜುಗಳ ಮೇಲೆ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಣ್ಣದ ಪಟ್ಟೆಗಳುಳ್ಳ ರೆಸಿಸ್ಟರುಗಳು, ಎಲ್‌ಇಡಿ ದೀಪಗಳು, ಪುಟ್ಟ ಮೋಟಾರುಗಳು, ತಂತಿಗಳ ಗೊಂಚಲುಗಳು. ಬೆಸುಗೆಯ ಅವಶ್ಯಕತೆಯಿಲ್ಲದೆಯೇ ತಂತಿಯನ್ನು ಚುಚ್ಚಿ ವಿದ್ಯುನ್ಮಂಡಲವನ್ನು ರಚಿಸಲು ಅನುವಾಗುವ, ಸಾಲು ಸಾಲು ರಂಧ್ರಗಳ ಬ್ರೆಡ್‌ಬೋರ್ಡುಗಳು. ಎಲ್ಲಕ್ಕೂ ನಡುವೆ, ಗಣಕದಲ್ಲಿ ಬರೆದುಕೊಟ್ಟ ಆದೇಶಗಳನ್ನು ನಡೆಸುವ, ಅಂಗೈಗಿಂತ ಚಿಕ್ಕದಾದ ನೀಲಿಯ ಫಲಕ, ಆರ್ಡುಯಿನೊ. ಇಟಲಿಯ ಇವ್ರೆಯಾ ಎಂಬ ಪಟ್ಟಣದಲ್ಲಿ, 2005ರಲ್ಲಿ, ಇಲೆಕ್ಟ್ರಾನಿಕ್ಸ್ ಶಾಸ್ತ್ರವನ್ನು ಅಭ್ಯಸಿಸದ ವಿನ್ಯಾಸ ವಿದ್ಯಾರ್ಥಿಗಳಿಗೆಂದು ಅಲ್ಲಿಯ ಅಧ್ಯಾಪಕರು ನಿರ್ಮಿಸಿದ ಈ ಫಲಕದ ರಚನೆ ಯಾರ ಸ್ವತ್ತೂ ಆಗದಂತೆ ಬಹಿರಂಗಗೊಂಡುದರಿಂದ, ಅದು ಇಂದು ಜಗತ್ತಿನ ಮಕ್ಕಳೆಲ್ಲರ ಕೈಗೆ ಸುಲಭ ಬೆಲೆಯಲ್ಲಿ ದೊರೆಯುತ್ತಿದೆ. ಇದಕ್ಕಿಂತ ಉದಾರವಾದ ವಿದ್ಯಾದಾನ ಇತ್ತೀಚಿನ ಕಾಲದಲ್ಲಿ ನಡೆದುದನ್ನು ನಾನರಿಯೆ.

ಇದನ್ನೆಲ್ಲ ನೋಡುತ್ತ ನಿಂತಾಗ ನನ್ನ ಕಣ್ಣ ಮುಂದೆ ಬಂದುದು ನಾನು ಓದಿದ ಶಾಲೆಯ ಗಾಜಿನ ಬೀರು. ಅದರೊಳಗೆ ಬೀಕರುಗಳೂ ಗಾಜಿನ ಪಟ್ಟಕವೂ ಒಂದು ಹಿತ್ತಾಳೆಯ ತ್ರಾಸೂ ಇದ್ದುವು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆಯಲ್ಲಿದ್ದಿತು. ಮೂರು ವರ್ಷಗಳಲ್ಲಿ ಆ ಬೀರು ತೆರೆದುದನ್ನು ನಾನು ಕಂಡುದು ಎರಡೇ ಸಾರಿ, ಎರಡು ಸಾರಿಯೂ ಇನ್‌ಸ್ಪೆಕ್ಟರು ಬಂದ ದಿನ. ಪ್ರಯೋಗಗಳನ್ನೇನೋ ನಾವು ಮಾಡಿದೆವು, ರೆಕಾರ್ಡ್ ಪುಸ್ತಕದಲ್ಲಿ; ಉದ್ದೇಶ, ಉಪಕರಣಗಳು, ವಿಧಾನ, ಫಲಿತಾಂಶ ಎಂದು ಕಪ್ಪುಹಲಗೆಯ ಮೇಲಿದ್ದುದನ್ನು ಶೀರ್ಷಿಕೆಗಳಿಗೆ ಗೆರೆಯೆಳೆದು ಬರೆದುಕೊಂಡೆವು. ಅಲ್ಲಿ ಎಂದೂ ಏನೂ ತಪ್ಪಲಿಲ್ಲ. ಆ ತಪ್ಪದಿರುವಿಕೆಯೇ ನಮಗೆ ಆದ ದೊಡ್ಡ ನಷ್ಟವೆಂಬುದು, ಆ ದಿನ, ಕಿಟಕಿಯ ಬಳಿಯ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ನೋಡುವಾಗ ನನಗೆ ಸ್ಪಷ್ಟವಾಯಿತು.

ಅವಳು ನಿರ್ಮಿಸುತ್ತಿದ್ದುದು ಮಾಳಿಗೆಯ ಮೇಲಿನ ನೀರಿನ ತೊಟ್ಟಿ ತುಂಬಿದ ಕೂಡಲೆ ಕೂಗಿ ಎಚ್ಚರಿಸುವ ಯಂತ್ರವನ್ನು. "ಅಜ್ಜಿ ಮೋಟಾರ್ ಹಾಕಿ ಮರೆತುಬಿಡ್ತಾರೆ ಸಾರ್, ನೀರೆಲ್ಲ ಬೀದಿಗೆ ಹೋಗತ್ತೆ" ಎಂದು ಕಾರಣವನ್ನು ಹೇಳಿದಳು. ನೋಡಲು ಎರಡು ಕಣ್ಣುಗಳಂತಿರುವ, ವಾಸ್ತವವಾಗಿ ಒಂದು ಬಾಯಿಯೂ ಒಂದು ಕಿವಿಯೂ ಆಗಿರುವ ಸೆನ್ಸರೊಂದನ್ನು ಅವಳು ಆರ್ಡುಯಿನೊಗೆ ಜೋಡಿಸಿದ್ದಳು. ಅದರ ಬಾಯಿ ಸೆಕೆಂಡಿಗೆ 40,000 ಕಂಪನಗಳ ಶಬ್ದವನ್ನು ಹೊರಡಿಸುತ್ತದೆ. ಮನುಷ್ಯನ ಕಿವಿಯ ಮಿತಿ ಸುಮಾರು 20,000 ಆದುದರಿಂದ ನಮಗೆ ಅದು ಕೇಳಿಸದು. ಎದುರಿಗಿರುವ ವಸ್ತುವಿಗೆ ತಾಗಿ ಹಿಂದಿರುಗಿದ ಶಬ್ದವನ್ನು ಅದರ ಕಿವಿ ಗ್ರಹಿಸುತ್ತದೆ. ನಡುವೆ ಕಳೆದ ಕಾಲವನ್ನು ಅಳೆದು, ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು ಎಂಬ ಲೆಕ್ಕದಿಂದ ದೂರವನ್ನು ಕಂಡುಹಿಡಿಯಬೇಕು. ನೀರು ಮೇಲೇರಿದಂತೆಲ್ಲ ಆ ದೂರ ಕಡಿಮೆಯಾಗುತ್ತ ಬರುತ್ತದೆ.

ಮೊದಲು ಮೇಜಿನ ಮೇಲೆಯೇ ಪರೀಕ್ಷಿಸೋಣವೆಂದು ಅವಳು ಒಂದು ರಟ್ಟನ್ನು, ಅಳತೆಪಟ್ಟಿಯಿಟ್ಟು, ಸೆನ್ಸರಿನಿಂದ 30 ಸೆಂಟಿಮೀಟರು ದೂರದಲ್ಲಿ ನಿಲ್ಲಿಸಿದಳು. ಪರದೆಯ ಮೇಲೆ 60 ಎಂದು ಬಂದಿತು. ತಂತಿಗಳನ್ನು ಕಿತ್ತು ಮತ್ತೆ ಚುಚ್ಚಿದಳು, "ಪಿನ್ ಲೂಸ್ ಇರಬೇಕು ಕಣೇ" ಎಂದು ಪಕ್ಕದವಳು ಸೂಚಿಸಿದಳು, ಆಗಲೂ 60. ಸೆನ್ಸರೇ ಕೆಟ್ಟಿರಬೇಕೆಂದು ಬೇರೊಂದನ್ನು ತಂದು ಹಾಕಿದಳು; ಅದೂ 60 ಎಂದೇ ಹೇಳಿತು. ವಿಜ್ಞಾನದ ಅಧ್ಯಾಪಕಿಯವರು ನಾಲ್ಕು ಹೆಜ್ಜೆ ದೂರದಲ್ಲಿಯೇ ನಿಂತು ಇದನ್ನೆಲ್ಲ ಗಮನಿಸುತ್ತಿದ್ದರು, ಬಾಯಿ ತೆರೆಯಲಿಲ್ಲ. ಆ ಸಂಯಮಕ್ಕೆ ನಾನು ಮನಸ್ಸಿನಲ್ಲಿಯೇ ವಂದಿಸಿದೆನು. ಹುಡುಗಿ ರಟ್ಟನ್ನು 20ಕ್ಕೆ ಸರಿಸಿದಳು: 40. 50ಕ್ಕೆ ಸರಿಸಿದಳು: 100. ಒಂದು ಕ್ಷಣ ಸುಮ್ಮನಿದ್ದು, ರಟ್ಟಿನಿಂದ ಸೆನ್ಸರಿನವರೆಗೆ ಗಾಳಿಯಲ್ಲಿ ಬೆರಳಾಡಿಸಿ, "ಅಯ್ಯೋ, ಹೋಗಿದ್ದೂ ಸೇರಿದೆ, ಬಂದಿದ್ದೂ ಸೇರಿದೆ!" ಎಂದು ಕೂಗಿದಳು. ಎರಡರಿಂದ ಭಾಗಿಸಬೇಕೆಂಬುದು ಅವಳ ಪಠ್ಯಪುಸ್ತಕದ ಪ್ರತಿಧ್ವನಿಯ ಪಾಠದಲ್ಲಿಯೇ ಇದ್ದಿತು. ಕಿರುಪರೀಕ್ಷೆಯಲ್ಲಿ ಆ ಲೆಕ್ಕವನ್ನು ಅವಳು ಸರಿಯಾಗಿಯೇ ಮಾಡಿದ್ದಳೆಂದು ಅಧ್ಯಾಪಕಿಯವರು ಅನಂತರ ತಿಳಿಸಿದರು. ಆದರೆ ಸೆಕೆಂಡಿನ ಎರಡು ಸಹಸ್ರಾಂಶಗಳೂ ತುಂಬದ ಅಲ್ಪಕಾಲದಲ್ಲಿ ಶಬ್ದವು ಒಂದು ರಟ್ಟಿನ ತುಂಡಿನವರೆಗೆ ನಿಜವಾಗಿ ಹೋಗಿ ನಿಜವಾಗಿ ಮರಳುವುದೆಂಬುದು ಅವಳಿಗೆ ಅನುಭವವಾದುದು ಆ ತಪ್ಪಿನ ಮೂಲಕವೇ. ತಪ್ಪೆಂದು ಹೇಳಿದವರು ಅಧ್ಯಾಪಕಿಯಲ್ಲ. ಮೇಜಿನ ಮೇಲಿದ್ದ ಅಳತೆಪಟ್ಟಿ. ಅದರ ಮುಂದೆ ಅವಳಿಗೆ ಅಂಜಿಕೆಯಾಗಲಿ ಅವಮಾನವಾಗಲಿ ಉಂಟಾಗಲಿಲ್ಲ.

ಮೂಲೆಯಲ್ಲಿ ತ್ರಿ-ಡಿ ಪ್ರಿಂಟರು ಚಕ್ಕುಲಿಯ ಒರಳಿನಂತೆ ಕರಗಿದ ಪ್ಲಾಸ್ಟಿಕ್ಕಿನ ಎಳೆಯನ್ನು ಹಿಂಡುತ್ತ, ಸುತ್ತಿನ ಮೇಲೆ ಸುತ್ತು ಹಾಕುತ್ತ, ಆ ಸೆನ್ಸರಿಗೆ ಒಂದು ಗೂಡನ್ನು ರಚಿಸುತ್ತಿದ್ದಿತು. ಒಂದೊಂದು ಪದರವೂ ಮಿಲಿಮೀಟರಿನ ಐದನೆಯ ಒಂದು ಭಾಗ. ಸಂದರ್ಶಕರು ಮೊದಲು ಓಡಿಹೋಗಿ ನೋಡುವುದು ಇದನ್ನೇ ಅಂತೆ. ನನಗಾದರೋ ಅದರಲ್ಲಿ ಮಕ್ಕಳ ಕೈಗಿಂತ ಯಂತ್ರದ ಕೈಯೇ ಹೆಚ್ಚಾಗಿ ಕಂಡುದರಿಂದ ಬಹಳ ಹೊತ್ತು ನಿಲ್ಲಲಿಲ್ಲ.

ಕೈಯ ಮೂಲಕ ಬುದ್ಧಿಗೆ ದಾರಿಯೆಂಬ ವಿಚಾರ ಈ ದೇಶಕ್ಕೆ ನೂತನವಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ನಯೀ ತಾಲೀಮ್ ಎಂಬ ಶಿಕ್ಷಣಕ್ರಮವನ್ನು ದೇಶದ ಮುಂದಿಟ್ಟಾಗ, ರಾಟೆಯೂ ಮಗ್ಗವೂ ಗಣಿತಕ್ಕೆ, ಭೂಗೋಳಕ್ಕೆ ಬಾಗಿಲಾಗಬೇಕೆಂಬುದೇ ಅವರ ಆಶಯವಾಗಿದ್ದಿತು. ಹೊರನಾಡಿನಲ್ಲಿಯೂ, ಎಳವೆಯಲ್ಲಿ ಹಲ್ಲುಚಕ್ರಗಳ ಮೋಹಕ್ಕೆ ಸಿಲುಕಿ, ಗುಣಾಕಾರವನ್ನೂ ಅವುಗಳ ಮೂಲಕವೇ ಕಂಡ ಸೀಮೋರ್ ಪೇಪರ್ಟ್, ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆಯವರೊಡನೆ ಕೆಲಸಮಾಡಿ, 1967ರಲ್ಲಿ ಸಹೋದ್ಯೋಗಿಗಳೊಡಗೂಡಿ ಮಕ್ಕಳಿಗಾಗಿ ಲೋಗೊ ಎಂಬ ಗಣಕಭಾಷೆಯನ್ನು ರಚಿಸಿದರು. ಯಂತ್ರವು ಮಗುವನ್ನು ನಡೆಸಬಾರದು, ಮಗುವೇ ಯಂತ್ರವನ್ನು ನಡೆಸಬೇಕೆಂಬುದು ಅವರ ಸಿದ್ಧಾಂತ. ನಮ್ಮಲ್ಲಿ, ಕಾನ್ಪುರದ ಐಐಟಿಯಲ್ಲಿ ಓದಿದ ಅರವಿಂದ ಗುಪ್ತ ಅವರು, 1972ರಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಬೋಧನೆಯ ಕಾರ್ಯದಿಂದ ಪ್ರೇರಿತರಾಗಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಣುಕುಗಳಿಂದ ಬೆಂಕಿಕಡ್ಡಿಗಳನ್ನು ಜೋಡಿಸಿ ರೇಖಾಗಣಿತವನ್ನು ಹಳ್ಳಿಯ ಮಕ್ಕಳ ಅಂಗೈಯಲ್ಲಿಟ್ಟರು. ಹತ್ತು ಲಕ್ಷದ ಉಪಕರಣಗಳಿಗೂ ಹತ್ತು ಪೈಸೆಯ ಟ್ಯೂಬಿಗೂ ಉದ್ದೇಶ ಒಂದೇ ಎಂಬುದನ್ನು ಈ ಯೋಜನೆಯವರು ಮರೆಯಬಾರದೆಂದು ನಾನು ಹೃತ್ಪೂರ್ವಕವಾಗಿ ಬಯಸುತ್ತೇನೆ. ಮರೆತರೆ, ದುಬಾರಿಯ ಯಂತ್ರ ಕೆಟ್ಟೀತೆಂಬ ಭೀತಿಯಿಂದ ಕೋಣೆಗೆ ಬೀಗ ಬೀಳುತ್ತದೆ. ನನ್ನ ಬಾಲ್ಯದ ಬೀರು ಮತ್ತಷ್ಟು ದೊಡ್ಡದಾಗಿ ಎದ್ದು ನಿಲ್ಲುತ್ತದೆ. ನಾನು ಕಂಡ ಶಾಲೆಯಲ್ಲಿ ಬೀಗದ ಕೈ ಇಬ್ಬರು ಹತ್ತನೆಯ ತರಗತಿಯ ವಿದ್ಯಾರ್ಥಿಗಳ ವಶದಲ್ಲಿದ್ದಿತು. ಮುರಿದ ವಸ್ತುಗಳಿಗೆಂದೇ ಒಂದು ಪೆಟ್ಟಿಗೆಯಿದ್ದು, ಹೊಸ ಮೋಟಾರನ್ನು ಕೇಳುವ ಮುನ್ನ ಅದರೊಳಗೆ ಹುಡುಕಬೇಕೆಂಬ ನಿಯಮವಿದ್ದಿತು.

ಹೊರಡುವ ಮುನ್ನ ಬಾಗಿಲ ಬಳಿಯ ಮೇಜಿನಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನು ಬೆಸುಗೆ ಹಾಕುತ್ತಿದ್ದುದನ್ನು ಕಂಡು ನಿಂತೆನು. ಬೆಸುಗೆಯ ತಂತಿಗೆ ಮಕ್ಕಳು ಲೆಡ್ ಎನ್ನುತ್ತಾರೆ. ಆದರೆ ಅದರಲ್ಲಿ ನೂರಕ್ಕೆ 60 ಪಾಲು ತವರ, ಸೀಸ 40 ಪಾಲು ಮಾತ್ರ. ಶುದ್ಧ ತವರ ಕರಗಲು 232 ಡಿಗ್ರಿ ಶಾಖ ಬೇಕು. ಸೀಸ ಬೆರೆತುದರಿಂದ ಇದು 190ರೊಳಗೇ ನೀರಾಗುತ್ತದೆ. ತಂತಿಯ ಒಡಲೊಳಗೆ ರಾಳ ಅಡಗಿರುತ್ತದೆ. ಲೋಹದ ಮೇಲಿನ ಕಿಲುಬನ್ನು ತೊಡೆದು ತವರಕ್ಕೆ ಹಿಡಿತ ಕೊಡುವುದು ಅದರ ಕೆಲಸ. ಕಲಾಯಿಯವನ ನವಸಾಗರದ ಕೆಲಸವೂ ಅದೇ. ಹುಡುಗನು ಬೆಸುಗೆಯ ಐರನ್ನಿನ ಕಾದ ಮೊನೆಗೆ ನೇರವಾಗಿ ಲೆಡ್ಡನ್ನು ಒತ್ತಿದನು. ಅದು ಉಂಡೆಯಾಗಿ, ಮಂಕಾಗಿ, ತಂತಿಯನ್ನು ಹಿಡಿಯದೆ ಮೇಲೆಯೇ ಕುಳಿತಿತು. ಹತ್ತನೆಯ ತರಗತಿಯವನೊಬ್ಬನು ಬಂದು ಬೆರಳಿಂದ ಅಲುಗಿಸಿ, "ಇದು ಡ್ರೈ ಆಗಿದೆ ಕಣೋ. ಮೊದಲು ತಂತಿ ಕಾಯಬೇಕು, ಕಾದ ತಂತಿಗೆ ಲೆಡ್ ಮುಟ್ಟಿಸು, ಅದೇ ಹರಿದುಕೊಳ್ಳತ್ತೆ" ಎಂದನು. ಎರಡನೆಯ ಸಾರಿ ಹುಡುಗನು ಉಸಿರು ಬಿಗಿಹಿಡಿದು ಮೂರು ಎಣಿಸುವಷ್ಟು ಕಾಲ ತಂತಿಯನ್ನು ಕಾಯಿಸಿ ಲೆಡ್ಡನ್ನು ಮುಟ್ಟಿಸಿದನು. ಒಂದು ಎಳೆ ಬಿಳಿಯ ಹೊಗೆ ಎದ್ದಿತು. ತವರ ತಂತಿಯ ಸುತ್ತ ತಾನಾಗಿ ಹರಿದು ಹೊಳೆಯಿತು.

ಅಷ್ಟರಲ್ಲಿ ಗಂಟೆ ಬಾರಿಸಿತು. ಹುಡುಗನು ಕಾದ ಮೊನೆಯನ್ನು ಒದ್ದೆಯ ಸ್ಪಂಜಿನ ಮೇಲೆ ಒರೆಸಿದನು. ಸ್ವಿಚ್ಚನ್ನು ಆರಿಸುವ ಮೊದಲು ಅದಕ್ಕೆ ಇನ್ನೊಂದಿಷ್ಟು ಲೆಡ್ಡನ್ನು ಮೆತ್ತಿದನು. ಅದೇಕೆಂದು ಕೇಳಿದೆನು. ಹಾಗೆಯೇ ಬಿಟ್ಟರೆ ಮೊನೆ ಕಪ್ಪಾಗಿಬಿಡುವುದೆಂದೂ, ಮುಂದೆ ಬರುವವನಿಗೆ ಬೆಸುಗೆ ಹಿಡಿಯದೆಂದೂ ಹೇಳಿ, ಐರನ್ನನ್ನು ಅದರ ಸುರುಳಿ ಗೂಡಿನಲ್ಲಿಟ್ಟು, ಕೈ ತೊಳೆಯಲು ನಲ್ಲಿಯ ಕಡೆಗೆ ಓಡಿದನು.