ತೊಟ್ಟಿಯ ಮೀನೂ ಊರ ಕೆರೆಯೂ

ಬಣ್ಣದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಸಾಕುವ ಹವ್ಯಾಸವು ನಮ್ಮ ಪಟ್ಟಣಗಳಲ್ಲಿ ದಿನೇ ದಿನೇ ಹಬ್ಬುತ್ತಲಿದೆ. ಹಜಾರದ ಮೂಲೆಯಲ್ಲಿ ಈಜಾಡುವ ನಾಲ್ಕು ಪ್ರಾಣಿಗಳು ಮಕ್ಕಳಿಗೆ ಉಲ್ಲಾಸವನ್ನೂ, ಕಚೇರಿಯಿಂದ ದಣಿದು ಬಂದವರಿಗೆ ವಿಶ್ರಾಂತಿಯನ್ನೂ ಕೊಡುವುದಾದರೆ ಅದನ್ನು ಆಕ್ಷೇಪಿಸಲು ನಾವಾರು? ನಾವು ಇಂದು ಪ್ರಸ್ತಾಪಿಸಬೇಕೆಂದಿರುವುದು ಮೀನು ಮನೆಗೆ ಬರುವ ದಿನವನ್ನು ಕುರಿತಲ್ಲ. ಅದು ಮನೆಯಿಂದ ಹೊರಡುವ ದಿನವನ್ನು ಕುರಿತು.

ಸರ್ಕಾರಿ ನೌಕರರಾದ ನಮ್ಮ ವಾಚಕರಿಗೆ ಈ ದಿನದ ಪರಿಚಯ ಚೆನ್ನಾಗಿರಬಹುದು. ವರ್ಗದ ಹುಕುಂ ಬರುತ್ತದೆ. ಮಂಚ, ಬೀರು, ಪಾತ್ರೆಪರಟಿಗಳೆಲ್ಲ ಲಾರಿಗೇರುತ್ತವೆ. ತೊಟ್ಟಿಯೊಂದು ಉಳಿಯುತ್ತದೆ. ನೆರೆಮನೆಯವರು ಬೇಡವೆನ್ನುತ್ತಾರೆ, ಕೊಲ್ಲಲು ಮನಸ್ಸೊಪ್ಪದು. ಕೊನೆಗೆ ಯಜಮಾನರು ಮುಂಜಾನೆ ಬಕೀಟು ಹಿಡಿದು ಕೆರೆಯ ಏರಿಗೆ ಹೋಗಿ, ಮೀನುಗಳನ್ನು ನೀರಿಗೆ ಬಿಟ್ಟು, ಜೀವಕ್ಕೆ ಬಿಡುಗಡೆ ಕೊಟ್ಟೆವೆಂಬ ಸಮಾಧಾನದಿಂದ ಮರಳುತ್ತಾರೆ. ಅವರ ಮನಸ್ಸಿನಲ್ಲಿ ಕೇಡಿಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಕೆರೆಗೆ ಆಗುವ ಕೇಡು ಅದರಿಂದ ಕಡಿಮೆಯಾಗುವುದಿಲ್ಲ.

ಸಕ್ಕರ್ ಮೀನೆಂದು ಅಂಗಡಿಗಳಲ್ಲಿ ಮಾರುವ ಒಂದು ಜಾತಿಯನ್ನೇ ತೆಗೆದುಕೊಳ್ಳೋಣ. ಗಾಜಿಗೆ ಅಂಟಿದ ಪಾಚಿಯನ್ನು ತಿಂದು ತೊಟ್ಟಿಯನ್ನು ಚೊಕ್ಕಟವಾಗಿಡುತ್ತದೆಂದು ಇದನ್ನು ಕೊಳ್ಳುತ್ತಾರೆ. ಕೊಳ್ಳುವಾಗ ಬೆರಳುದ್ದ; ಬೆಳೆದರೆ ಒಂದೂವರೆ ಅಡಿಯವರೆಗೂ ಹೋಗುವುದುಂಟು. ದಕ್ಷಿಣ ಅಮೆರಿಕೆಯ ನದಿಗಳು ಇದರ ತವರು. ಮೈತುಂಬ ಎಲುಬಿನ ಫಲಕಗಳ ಕವಚವಿರುವುದರಿಂದ ನಮ್ಮ ನೀರಿನಲ್ಲಿ ಇದನ್ನು ತಿಂದು ಹದ್ದಿನಲ್ಲಿಡುವ ಪ್ರಾಣಿಗಳು ಅಪರೂಪ. ಪ್ರಾಣವಾಯು ಕಡಿಮೆಯಾದ ಕೊಳಕು ನೀರಿನಲ್ಲಿಯೂ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಬದುಕಬಲ್ಲದು. ಮೊಟ್ಟೆಯಿಡಲು ದಡದ ಮಣ್ಣನ್ನು ಕೊರೆದು ಬಿಲ ತೋಡುತ್ತದೆ. ಬಿಲಗಳು ಹೆಚ್ಚಿದಲ್ಲಿ ದಡವು ಸಡಿಲಿ ಕುಸಿಯುತ್ತದೆ. ಮಣ್ಣಿನ ಏರಿಯನ್ನೇ ನಂಬಿರುವ ನಮ್ಮ ಕೆರೆಗಳ ಮಟ್ಟಿಗೆ ಇದರ ಅರ್ಥವೇನೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಲೆಗೆ ಸಿಕ್ಕಿದರೆ ಅದರ ಮುಳ್ಳುಗಳು ಬಲೆಯನ್ನೇ ಹರಿಯುತ್ತವೆ. ಸಿಕ್ಕ ಮೀನನ್ನು ಕೊಳ್ಳುವವರಿಲ್ಲ. ಕಲ್ಕತ್ತೆಯ ಪೂರ್ವದ ಜೌಗು ಕೆರೆಗಳಲ್ಲಿಯೂ, ಕೇರಳ, ತಮಿಳುನಾಡುಗಳಲ್ಲಿಯೂ, ನಮ್ಮ ಬೆಂಗಳೂರಿನ ಕೆರೆಗಳಲ್ಲಿಯೂ ಇದು ಸೇರಿಕೊಂಡಿರುವುದು. ಆಂಧ್ರದಲ್ಲಿ ದೆವ್ವದ ಮೀನೆಂಬ ಹೆಸರೇ ಇದಕ್ಕೆ ನಿಂತುಹೋಗಿದೆ. ಮುಂಜಾನೆಯ ಬಕೀಟಿನ ದಯೆಗೆ ಬಲೆಗಾರನು ತೆರುತ್ತಿರುವ ಬೆಲೆ ಇದು.

ಒಂದು ಕೆರೆಗೆ ಬಿಟ್ಟದ್ದು ಆ ಕೆರೆಯಲ್ಲಿಯೇ ಇರುವುದೆಂಬ ಭ್ರಮೆಯೂ ಬೇಡ. ನಮ್ಮ ಹಿರಿಯರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಇಳಿಯುತ್ತದೆ. ಬೆಂಗಳೂರಿನ ಪಡುವಣ ಭಾಗದ ನೀರು ವೃಷಭಾವತಿಗೆ ಸೇರಿ, ಅಲ್ಲಿಂದ ಅರ್ಕಾವತಿಗೆ ಹರಿದು, ಸಂಗಮದಲ್ಲಿ ಕಾವೇರಿಯನ್ನು ಕೂಡುವುದು. ೨೦೧೮ರ ಆಗಸ್ಟಿನ ಪ್ರವಾಹದಲ್ಲಿ ಕೇರಳದ ಸಾಕಣೆಯ ಕೊಳಗಳು ಒಡೆದು, ಅಮೆಜಾನ್ ನದಿಯ ಭಾರೀ ಮೀನಾದ ಅರಪೈಮವು ಚಾಲಕ್ಕುಡಿ ಹೊಳೆಯಲ್ಲಿ ಬಲೆಗೆ ಬಿದ್ದಿತು. ನಿರುಪದ್ರವಿಯೆಂದು ಎಲ್ಲರೂ ನಂಬಿರುವ ಚಿನ್ನದ ಮೀನೂ ಕಡಮೆಯದಲ್ಲ. ೨೦೨೧ರಲ್ಲಿ ಅಮೆರಿಕೆಯ ಮಿನೆಸೋಟ ಪ್ರಾಂತದ ಬರ್ನ್ಸ್‌ವಿಲ್ ನಗರದವರು ತಮ್ಮ ಕೆರೆಯೊಂದರಿಂದ ಕಾಲ್ಚೆಂಡಿನ ಗಾತ್ರದ ಚಿನ್ನದ ಮೀನುಗಳನ್ನು ಹಿಡಿದು, ಸಾಕಿದ ಮೀನನ್ನು ದಯವಿಟ್ಟು ಕೆರೆಗೆ ಬಿಡಬೇಡಿರೆಂದು ಪ್ರಜೆಗಳನ್ನು ಬೇಡಿಕೊಳ್ಳಬೇಕಾಯಿತು.

ಮೀನಿಗೆ ಮಂಡಕ್ಕಿ ಹಾಕುವುದನ್ನು ಪುಣ್ಯವೆಂದೆಣಿಸುವ ನಾಡು ನಮ್ಮದು; ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಮೀನಿಗೆ ದೇವರ ರಕ್ಷೆಯಿದೆ. ಆದರೆ ಅವು ಆಯಾ ಹೊಳೆಯ ಸ್ವಂತ ಮೀನುಗಳು. ಪರನೀರಿನ ಮೀನನ್ನು ಬಿಡುವುದು ಬೇರೆ ಮಾತು. ಒಳ್ಳೆಯ ಉದ್ದೇಶದಿಂದಲೇ ಬಿಟ್ಟರೂ ಏನಾಗಬಹುದೆಂಬುದಕ್ಕೆ ಕಾವೇರಿಯೇ ಸಾಕ್ಷಿ. ಬೆನ್ನಿನ ಮೇಲೆ ಡುಬ್ಬವಿರುವ ಮಹಸೀರ್ ಮೀನು ಕಾವೇರಿ ಕಣಿವೆಯಲ್ಲಲ್ಲದೆ ಲೋಕದಲ್ಲಿ ಮತ್ತೆಲ್ಲಿಯೂ ಇಲ್ಲ. ೧೯೪೬ರಲ್ಲಿ ಮೈಸೂರಿನ ವಾನ್ ಇಂಗನ್ ಎಂಬವರು ಕಬಿನಿಯಲ್ಲಿ ಹಿಡಿದ ಮಹಸೀರ್ ೧೨೦ ಪೌಂಡು ತೂಗಿತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಮಹಸೀರ್ ಕುಲವು ಉಳಿಯಲೆಂದೇ, ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಬೇರೊಂದು ಮಹಸೀರನ್ನು ಕಾವೇರಿಗೆ ಬಿಟ್ಟರು. ಆಗಂತುಕವು ಹೊಳೆಯನ್ನು ತುಂಬಿಕೊಂಡಿತು. ಡುಬ್ಬದ ಮೀನು ವರ್ಷವರ್ಷಕ್ಕೂ ಗಾಳಕ್ಕೆ ಅಪರೂಪವಾಯಿತು. ಮರಳುಗಾರಿಕೆ, ಅಣೆಕಟ್ಟು, ಸಿಡಿಮದ್ದಿನ ಬೇಟೆಗಳ ಪಾಲೂ ಇದರಲ್ಲಿದೆಯೆನ್ನಿ. ಅಳಿವಿನ ಅಂಚಿಗೆ ಬಂದಿರುವ ಜಾತಿಯೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದನ್ನು ನಮೂದಿಸಿದ್ದು ೨೦೧೮ರಲ್ಲಿ. ತಜ್ಞರ ಕೈಯಿಂದಲೇ ಇಂಥ ಪ್ರಮಾದವಾಗುವುದಾದರೆ, ಬಕೀಟು ಹಿಡಿದ ಗೃಹಸ್ಥನ ಪಾಡೇನು?

ಹಾಗಾದರೆ ಬೇಡವಾದ ಮೀನನ್ನು ಏನು ಮಾಡಬೇಕೆಂದು ಕೇಳುವುದು ನ್ಯಾಯವೇ. ಈ ಪ್ರಶ್ನೆಯನ್ನು ಅಂಗಡಿಯಲ್ಲಿಯೇ ಕೇಳಬೇಕು. ಇದು ಎಷ್ಟು ಬೆಳೆಯುತ್ತದೆ, ಎಷ್ಟು ವರ್ಷ ಬಾಳುತ್ತದೆ, ಬೇಡವಾದರೆ ಹಿಂದಕ್ಕೆ ಪಡೆಯುವೆಯಾ? ಉತ್ತರ ಹೇಳಲಾರದ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು. ಊರು ಬಿಡುವವರು ಮೀನು ಸಾಕುವ ಮತ್ತೊಬ್ಬರಿಗೋ, ಪಾಠಶಾಲೆಯೊಂದಕ್ಕೋ ತೊಟ್ಟಿಯ ಸಮೇತ ಕೊಡಬಹುದು. ರೋಗದಿಂದ ನರಳುವ ಮೀನಿಗೆ ಬೇರೆ ದಾರಿಯಿಲ್ಲದಿದ್ದರೆ, ಬಲ್ಲವರನ್ನು ಕೇಳಿ, ನೀರಿನಲ್ಲಿ ಲವಂಗದೆಣ್ಣೆಯನ್ನು ಕದಡಿ ನೋವಿಲ್ಲದೆ ಮುಗಿಸುವ ಕ್ರಮವುಂಟು. ಓದಲು ಕಠಿನವಾಗಿ ತೋರಿದರೂ ಇದು ಕೆರೆಗೆ ಎಸೆಯುವುದಕ್ಕಿಂತ ಕರುಣೆಯ ಕೆಲಸ. ಸತ್ತದ್ದನ್ನು ಮಣ್ಣಿನಲ್ಲಿ ಹೂಳಬೇಕು. ತೊಟ್ಟಿಯ ಹಳೆಯ ನೀರಿನಲ್ಲಿ ರೋಗದ ಕ್ರಿಮಿಗಳೂ ಬಸವನಹುಳುವಿನ ಮೊಟ್ಟೆಗಳೂ ಇರಬಹುದಾದ್ದರಿಂದ ಅದನ್ನು ಮಳೆನೀರಿನ ಮೋರಿಗೆ ಚೆಲ್ಲದೆ ಹೂವಿನ ಗಿಡಗಳಿಗೆ ಹಾಕತಕ್ಕದ್ದು; ಗಿಡಕ್ಕೆ ಒಳ್ಳೆಯ ಗೊಬ್ಬರವೂ ಹೌದು, ಉಪ್ಪು ಬೆರೆಸಿದ್ದರೆ ಮಾತ್ರ ಬೇಡ. ತೊಟ್ಟಿಯ ಗಿಡಗಳನ್ನು ಒಣಗಿಸಿ ಬಿಸಾಡಬೇಕು. ನಮ್ಮ ಕೆರೆಗಳನ್ನು ಹಸುರು ಕಂಬಳಿಯಂತೆ ಮುಚ್ಚುವ ಹಯಸಿಂತ್ ಕಳೆಯೂ ಒಂದಾನೊಂದು ಕಾಲಕ್ಕೆ ಹೂವಿನ ಚೆಲುವಿಗೆಂದು ತರಿಸಿದ್ದೇ.

ಎಲ್ಲವನ್ನೂ ಗೃಹಸ್ಥನ ತಲೆಯ ಮೇಲೆ ಹೊರಿಸುವುದು ಸರಿಯಲ್ಲ. ಮಾರುವವನು ಹಿಂದಕ್ಕೆ ಪಡೆಯಲೇಬೇಕೆಂಬ ಕಟ್ಟಳೆಯನ್ನು ಸರ್ಕಾರದವರು ಮಾಡುವುದು ಯುಕ್ತ. ಗಣಪತಿಯನ್ನು ಬಿಡಲು ಕೆರೆಯ ಪಕ್ಕದಲ್ಲಿ ಪ್ರತ್ಯೇಕ ಕಲ್ಯಾಣಿಗಳನ್ನು ಕಟ್ಟಿಸಿದ ಬೆಂಗಳೂರಿನ ನಗರಾಡಳಿತಕ್ಕೆ, ಅದೇ ಏರಿಯ ಬಾಗಿಲಲ್ಲಿ ಒಂದು ಫಲಕವನ್ನು ನೆಟ್ಟು, ಬೇಡವಾದ ಮೀನನ್ನು ಒಪ್ಪಿಸಲು ಕಾವಲುಗಾರನ ಬಳಿ ಒಂದು ತೊಟ್ಟಿಯನ್ನಿಡುವುದು ಅಸಾಧ್ಯವಾಗಲಾರದು.